ಮಹಾನಗರದಲ್ಲೊಂದು ಮನೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಹೇಳಿದರು. ಸಂಸಾರದ ಎರಡು ದೊಡ್ಡ ಹೊಣೆಗಳ ಕಷ್ಟವನ್ನು ಈ ಗಾದೆ ಕೆಲವೇ ಮಾತುಗಳಲ್ಲಿ ಹಿಡಿದಿಟ್ಟಿದೆ. ಇಂದಿನ ಮಹಾನಗರಗಳನ್ನು ಕಂಡಿದ್ದರೆ ‘ಮನೆ ಹುಡುಕಿ ನೋಡು’ ಎಂಬ ಮಾತನ್ನೂ ಅವರು ಸೇರಿಸುತ್ತಿದ್ದರೇನೋ! ಹಳ್ಳಿಯಲ್ಲಿ ಹುಟ್ಟಿದವನು ತನ್ನ ಹಿರಿಯರು ಬಾಳಿದ ಮನೆಯಲ್ಲಿಯೇ ಬಾಳುತ್ತಾನೆ. ಎಲ್ಲಿ ವಾಸಿಸಬೇಕು ಎಂಬುದು ಅವನಿಗೆ ಪ್ರಶ್ನೆಯೇ ಅಲ್ಲ. ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ನಗರಕ್ಕೆ ಬಂದಿಳಿದವನಿಗಾದರೋ ಅದೇ ಮೊದಲನೆಯ ಪ್ರಶ್ನೆ.

ಬೆಂಗಳೂರನ್ನೇ ತೆಗೆದುಕೊಳ್ಳಬಹುದು. 1951ರ ಜನಗಣತಿಯಲ್ಲಿ ಎಂಟು ಲಕ್ಷವನ್ನೂ ಮುಟ್ಟದಿದ್ದ ಈ ನಗರದ ಜನಸಂಖ್ಯೆ 2011ರ ಗಣತಿಯ ವೇಳೆಗೆ 84 ಲಕ್ಷವನ್ನು ದಾಟಿತು. ಹೀಗೆ ಸೇರಿದವರಲ್ಲಿ ಬಹು ಮಂದಿ ಹೊರಗಿನಿಂದ ಬಂದವರು. ಅವರಲ್ಲಿ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಕೈಯಲ್ಲಿ ಚೀಲ ಹಿಡಿದು, ಬೀದಿಯ ಎರಡೂ ಬದಿಯ ಮನೆಗಳ ಮೇಲೆ ಕಣ್ಣಾಡಿಸುತ್ತ, ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆಯನ್ನು ಅರಸಿ ನಡೆದವರೇ.

ಹಿಂದಿನ ಕಾಲದಲ್ಲಿ ಹೊಸಬನಿಗೆ ಆಸರೆಯಾಗುತ್ತಿದ್ದುದು ಛತ್ರ. ಗುಬ್ಬಿ ತೋಟದಪ್ಪನವರು 1903ರಲ್ಲಿ ರೈಲು ನಿಲ್ದಾಣದ ಸಮೀಪದಲ್ಲಿ ಸ್ಥಾಪಿಸಿದ ಛತ್ರವು ಇಂತಹ ಧರ್ಮಕಾರ್ಯಗಳಲ್ಲಿ ಹೆಸರಾದುದು. ಕೆಲವು ದಿನ ಅಲ್ಲಿ ತಂಗಿ, ಊರಿನ ಪರಿಚಯ ಮಾಡಿಕೊಂಡು, ಬಳಿಕ ಮನೆ ಹುಡುಕಬಹುದಾಗಿತ್ತು. ಬಡ ವಿದ್ಯಾರ್ಥಿಗಳಿಗೆ ವಾರಾನ್ನವಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು, ರಾತ್ರಿ ಎಲ್ಲಿಯಾದರೂ ಮಲಗಿ ಓದಿದವರು ಆ ಕಾಲದಲ್ಲಿ ಹಲವರಿದ್ದರು. ಸಂಸಾರವಂದಿಗರಿಗೆ ವಠಾರವಿತ್ತು. ಒಂದೇ ಹೆಬ್ಬಾಗಿಲು, ನಡುವೆ ಅಂಗಳ, ಸುತ್ತಲೂ ನಾಲ್ಕಾರು ಪುಟ್ಟ ಮನೆಗಳು, ಎಲ್ಲರಿಗೂ ಸೇರಿ ಒಂದು ಬಾವಿ ಅಥವಾ ಒಂದು ನಲ್ಲಿ. ಮುಂಜಾನೆ ನಲ್ಲಿಯ ಬಳಿ ಬಿಂದಿಗೆಗಳ ಸಾಲಿನೊಡನೆ ಜಗಳವೂ ಆರಂಭವಾಗುತ್ತಿತ್ತು. ಅದೇ ನೆರೆಯವರು ಮಗುವಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಎದ್ದಿರುತ್ತಿದ್ದರು. ವಠಾರದ ಬಾಳನ್ನು ಹಾಡಿ ಹೊಗಳುವವರುಂಟು. ಅಲ್ಲಿಯ ಸಾಮಾನ್ಯ ಕಕ್ಕಸಿನ ಮುಂದೆ ಸರದಿಗಾಗಿ ನಿಂತವರು ಅಷ್ಟಾಗಿ ಹೊಗಳಲಾರರು.

ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಕ್ಕೆ ತಂದುದು ಒಂದು ಮಹಾಮಾರಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಗಾಳಿಬೆಳಕಿಲ್ಲದ ಮನೆಗಳಲ್ಲಿ, ಇಲಿಗಳ ಸಂಗಡ ಬದುಕುತ್ತಿದ್ದ ಪೇಟೆಯ ಜನ ಸಾಲುಸಾಲಾಗಿ ಸತ್ತರು. ಉಳಿದವರು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಅದರ ಫಲವಾಗಿ ರೂಪುಗೊಂಡವು ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು. ನೇರವಾದ ಅಗಲ ಬೀದಿಗಳು, ಮನೆಗಳ ಹಿಂಬದಿಯಲ್ಲಿ ಕಸ ಸಾಗಿಸಲು ಓಣಿ, ಗಿಡಮರಗಳಿಗೆ ಸ್ಥಳ—ಇವೆಲ್ಲ ಆ ಬಡಾವಣೆಗಳಲ್ಲಿ ಮೊದಲೇ ಯೋಚಿಸಿ ಮಾಡಿದ ಏರ್ಪಾಡುಗಳು.

ಹಾಗಾದರೆ ಇಂದು ನಗರದಲ್ಲಿ ಮನೆ ಹುಡುಕುವವನು ಮೊದಲು ಏನನ್ನು ನೋಡಬೇಕು? ಗೋಡೆಯ ಬಣ್ಣವನ್ನಲ್ಲ, ನೀರನ್ನು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಪಕ್ಕದಲ್ಲಿ ದೊಡ್ಡ ನದಿಯಿಲ್ಲ. ಹಿಂದೆ ಕೆರೆಗಳು ಈ ಊರನ್ನು ಸಲಹಿದವು. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದಿತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದ ತರಲಾಯಿತು. ಅದೂ ಸಾಲದೆ 1974ರಲ್ಲಿ ಕಾವೇರಿಯನ್ನೇ ಕರೆತರಬೇಕಾಯಿತು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಯಂತ್ರಗಳು ಆ ನೀರನ್ನು ಏರಿಸುತ್ತವೆ. ನಲ್ಲಿ ತಿರುಗಿಸಿದಾಗ ಸುರಿಯುವ ಒಂದು ಬಿಂದಿಗೆ ನೀರಿನ ಹಿಂದೆ ಇಷ್ಟು ದೊಡ್ಡ ಪ್ರಯಾಣವಿದೆ.

ಈ ನೀರು ಎಲ್ಲ ಬೀದಿಗಳಿಗೂ ಏಕಕಾಲಕ್ಕೆ ತಲುಪಲಿಲ್ಲ. 2007ರಲ್ಲಿ ನಗರದ ಎಲ್ಲೆಗೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದುದು 2024ರಲ್ಲಿ. ಅಲ್ಲಿಯವರೆಗೆ ಆ ಭಾಗದ ಬಹು ಮಂದಿ ಕೊಳವೆಬಾವಿಯನ್ನೂ ಟ್ಯಾಂಕರ್ ಲಾರಿಯನ್ನೂ ನಂಬಿದ್ದರು. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ, ಬೆಲೆಬಾಳುವ ಮನೆಗಳಲ್ಲಿಯೂ ಕೊಡ ಹಿಡಿದು ಕಾಯಬೇಕಾಯಿತು. ಆದ್ದರಿಂದ ತಿಳಿದವರು ಮನೆಯ ಮಾಲೀಕನನ್ನು ಕೇಳಿ ಸುಮ್ಮನಾಗುವುದಿಲ್ಲ. ನೀರು ವಾರದಲ್ಲಿ ಎಷ್ಟು ದಿನ ಬರುತ್ತದೆ, ಏಪ್ರಿಲ್ ತಿಂಗಳಲ್ಲಿ ಏನು ಗತಿ ಎಂದು ಪಕ್ಕದ ಮನೆಯವರನ್ನು ಕೇಳುತ್ತಾರೆ. ಮಾಲೀಕನ ನಲ್ಲಿಯಲ್ಲಿ ಸದಾ ನೀರಿರುತ್ತದೆ, ಮನೆ ಬಾಡಿಗೆಗೆ ಹೋಗುವವರೆಗೆ!

ನೀರಿಲ್ಲದಿರುವುದು ಒಂದು ಕಷ್ಟವಾದರೆ, ಬೇಡದ ಕಡೆ ನೀರು ನುಗ್ಗುವುದು ಇನ್ನೊಂದು. ಇಂದಿನ ಕೆಂಪೇಗೌಡ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯಲ್ಲಿ. ಹೀಗೆಯೇ ಕೆರೆಕಾಲುವೆಗಳನ್ನು ಮುಚ್ಚಿ ಎದ್ದ ಬಡಾವಣೆಗಳು ಹಲವು. ಭೂಮಿಯ ಇಳಿಜಾರನ್ನು ನೀರು ಮರೆಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಬಡಾವಣೆಗಳಲ್ಲಿ ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ಮಳೆ ಬಂದ ಮರುದಿನ ಹೋಗಿ ನೋಡಿದರೆ ಒಂದು ಬೀದಿಯ ಗುಣ ತಿಳಿಯುತ್ತದೆ.

ಎರಡನೆಯದು ದೂರ. ಊರಿನ ಅಂಚಿನಲ್ಲಿ ಬಾಡಿಗೆ ಕಡಿಮೆ ಎಂದು ಹಿಗ್ಗುವವರು ಒಂದು ಚಿಕ್ಕ ಲೆಕ್ಕವನ್ನು ಮಾಡುವುದೊಳ್ಳೆಯದು. ಕೆಲಸಕ್ಕೆ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆಯಾದರೆ, ತಿಂಗಳ 25 ಕೆಲಸದ ದಿನಗಳಲ್ಲಿ 50 ಗಂಟೆಗಳು ದಾರಿಯಲ್ಲಿಯೇ ಕಳೆಯುತ್ತವೆ. ದಿನಕ್ಕೆ ಎಂಟು ಗಂಟೆಯ ಕೆಲಸವೆಂದು ಎಣಿಸಿದರೆ ಅದು ಆರು ದಿನಗಳ ದುಡಿಮೆಗೂ ಮಿಗಿಲು. 2011ರಲ್ಲಿ ಮೆಟ್ರೋ ರೈಲು ಓಡಲಾರಂಭಿಸಿದ ಮೇಲೆ ಕೆಲವರ ದಾರಿ ಕಿರಿದಾಯಿತು. ನಿಲ್ದಾಣದ ಸಮೀಪದ ಮನೆಗಳ ಬಾಡಿಗೆ ಹಿರಿದಾಯಿತು.

ಇನ್ನು ಹಣದ ಮಾತು. ಹತ್ತು ತಿಂಗಳ ಬಾಡಿಗೆಯಷ್ಟು ಹಣವನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಮನೆ ಬಿಡುವಾಗ ಸುಣ್ಣಬಣ್ಣದ ವೆಚ್ಚವೆಂದು ಅದರಲ್ಲಿ ಒಂದು ಭಾಗವನ್ನು ಹಿಡಿದುಕೊಳ್ಳುವುದೂ ಉಂಟು. ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚಿನ ಮುಂಗಡ ಕೂಡದೆಂದು ಹೇಳಿತು. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮದೇ ಶಾಸನವಾಗಿ ಮಾಡಿಕೊಂಡಲ್ಲಿಯೇ ಅದಕ್ಕೆ ಬಲ. ಕೆಲವರು ಭೋಗ್ಯಕ್ಕೆ ಮನೆ ಹಿಡಿಯುತ್ತಾರೆ. ಮಾಲೀಕನಿಗೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟರೆ ತಿಂಗಳ ಬಾಡಿಗೆಯಿಲ್ಲ. ಅವಧಿ ಮುಗಿದಾಗ ಅಸಲು ಹಿಂದಕ್ಕೆ ಬರಬೇಕು. ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದು, ಮಾಲೀಕ ಅದನ್ನು ತೀರಿಸದೆ ಹೋದರೆ ಭೋಗ್ಯದಾರನ ಹಣಕ್ಕೆ ಸಂಚಕಾರ. ಬಾಡಿಗೆಯ ಕರಾರುಗಳು 11 ತಿಂಗಳಿಗೇ ಏಕೆ ಎಂಬುದಕ್ಕೂ ಕಾರಣವಿದೆ. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷವನ್ನು ಮೀರಿದ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ವೆಚ್ಚವನ್ನೂ ತೊಡಕನ್ನೂ ತಪ್ಪಿಸಲು ಕಂಡುಕೊಂಡ ಉಪಾಯವಿದು.

ನೀರು, ದೂರ, ಹಣ—ಇವು ಮೂರೂ ಹೊಂದಿದರೂ ಮನೆ ಸಿಕ್ಕೀತೆಂಬ ನೆಚ್ಚಿಲ್ಲ. ಮನೆ ಹುಡುಕುವವನು ಮನೆಯನ್ನು ಪರೀಕ್ಷಿಸುವಂತೆಯೇ ಮನೆಯವರು ಅವನನ್ನು ಪರೀಕ್ಷಿಸುತ್ತಾರೆ. ಈ ಪರೀಕ್ಷೆ ಎಷ್ಟು ಕಠೋರವಾಗಬಲ್ಲದೆಂಬುದಕ್ಕೆ ಡಾ. ಬಿ. ಆರ್. ಅಂಬೇಡ್ಕರರು ತಾವೇ ಬರೆದಿಟ್ಟ ಅನುಭವವೊಂದಿದೆ. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿಯೂ ಲಂಡನ್ನಿನಲ್ಲಿಯೂ ವ್ಯಾಸಂಗ ಮಾಡಿ, 1917ರಲ್ಲಿ ಅವರು ಬರೋಡ ಸಂಸ್ಥಾನದ ಸೇವೆಗೆ ಬಂದರು. ಅವರ ವ್ಯಾಸಂಗಕ್ಕೆ ನೆರವಿತ್ತ ಸಂಸ್ಥಾನವದು. ಆದರೂ ಆ ನಗರದಲ್ಲಿ ಅವರಿಗೆ ತಂಗಲು ಸ್ಥಳ ದೊರೆಯಲಿಲ್ಲ. ಕೊನೆಗೆ ಪಾರ್ಸಿಗಳಿಗೆ ಮಾತ್ರ ಮೀಸಲಾದ ವಸತಿಗೃಹವೊಂದರಲ್ಲಿ, ಪಾರ್ಸಿ ಹೆಸರು ಬರೆಸಿ ನೆಲೆಸಿದರು. ದೀಪವೂ ಸರಿಯಾಗಿಲ್ಲದ ಆ ಮಾಳಿಗೆಯಲ್ಲಿ ಜೊತೆಗೆ ಯಾರೂ ಇರಲಿಲ್ಲ. ಹನ್ನೊಂದನೆಯ ದಿನ ಬೆಳಗ್ಗೆ ಹನ್ನೆರಡು ಮಂದಿ ಪಾರ್ಸಿಗಳು ದೊಣ್ಣೆ ಹಿಡಿದು ಬಂದು, ಸಂಜೆಯೊಳಗೆ ಜಾಗ ಬಿಡಬೇಕೆಂದು ಗದರಿದರು. ಹಿಂದೂ ಮಿತ್ರನೊಬ್ಬನೂ ಕ್ರೈಸ್ತ ಮಿತ್ರನೊಬ್ಬನೂ ಒಂದೊಂದು ಕಾರಣ ಹೇಳಿ ಆಶ್ರಯ ಕೊಡದೆ ಜಾರಿಕೊಂಡರು. ರಾತ್ರಿ ಒಂಬತ್ತರ ಮುಂಬಯಿ ರೈಲಿನವರೆಗೆ, ಸುಮಾರು ಐದು ಗಂಟೆಗಳ ಕಾಲ, ಆ ವಿದ್ವಾಂಸರು ಊರಿನ ಉದ್ಯಾನವೊಂದರಲ್ಲಿ ಕುಳಿತಿದ್ದರು.

ಸ್ವತಂತ್ರ ಭಾರತದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಅಸ್ಪೃಶ್ಯತೆಯ ಕಾರಣದಿಂದ ಒಬ್ಬನು ಯಾವುದೇ ಬಡಾವಣೆಯಲ್ಲಿ ಮನೆ ಪಡೆದು ವಾಸಿಸುವುದಕ್ಕೆ ಅಡ್ಡಿಪಡಿಸುವುದು 1955ರ ಕಾಯಿದೆಯಂತೆ ಅಪರಾಧ. ಇಂದು ದೊಣ್ಣೆ ಹಿಡಿದು ಬರುವವರು ವಿರಳ. ಈಗಿನ ರೀತಿ ಬೇರೆ. ಕಿಟಕಿಗಳ ಗಾಳಿ, ಸಂಪಿನ ಆಳ ಎಲ್ಲವನ್ನೂ ತೋರಿಸಿ, ಬಾಡಿಗೆಯೂ ಒಪ್ಪಿಗೆಯಾದ ಬಳಿಕ, “ನಿಮ್ಮದು ಯಾವ ಊರು? ಯಾವ ಜನ? ಮನೆಯಲ್ಲಿ ಅಡುಗೆ ಏನು ಮಾಡುತ್ತೀರಿ?” ಎಂಬ ಪ್ರಶ್ನೆಗಳು ಮೆಲ್ಲನೆ ಬರುತ್ತವೆ. ಉತ್ತರವನ್ನು ಕೇಳಿ, “ನಮ್ಮ ಯಜಮಾನರನ್ನು ಕೇಳಿ ತಿಳಿಸುತ್ತೇವೆ” ಎನ್ನುತ್ತಾರೆ. ಮರುದಿನ ಕೇಳಿದರೆ ಮನೆ ಬೇರೆಯವರಿಗೆ ಹೋಯಿತು ಎನ್ನುತ್ತಾರೆ. ಎರಡು ವಾರಗಳ ಮೇಲೆ ಅದೇ ಬೀದಿಯಲ್ಲಿ ಹಾದುಹೋಗುವಾಗ ಅದೇ ಗೇಟಿನ ಮೇಲೆ ಅದೇ ಹಲಗೆ ತೂಗುತ್ತಿರುತ್ತದೆ.