ಹಸಿರು ಮನುಷ್ಯನಿಗೆ ಎಷ್ಟು ಸೆಕೆಂಡ್? ಒಂದು ಜಂಕ್ಷನ್‌ನ ಲೆಕ್ಕ

ಇಯರ್‌ಫೋನ್ ಹಾಕ್ಕೊಂಡು ರಸ್ತೆ ದಾಟ್ತಾ ಇದನ್ನ ಕೇಳ್ತಿದ್ರೆ ದಯವಿಟ್ಟು ಪಾಸ್ ಮಾಡಿ. ಆ ಕಡೆ ಹೋಗಿ, ಆಮೇಲೆ ಪ್ಲೇ ಮಾಡಿ. ಇವತ್ತಿನ ಎಪಿಸೋಡ್ ಅದರ ಬಗ್ಗೆನೇ.

ನಾನಿರೋದು ಮತ್ತಿಕೆರೆಯಲ್ಲಿ. ನಮ್ಮಜ್ಜಿ ಮೊದಲೆಲ್ಲ ಸೋಮವಾರ ಬಂತು ಅಂದ್ರೆ ಬಸ್ ಹತ್ತಿ ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನಕ್ಕೆ ಹೋಗ್ತಿದ್ರು. ಈಗ ಹೋಗಲ್ಲ. ಮಂಡಿ ನೋವಿರಬೇಕು ಅಂದ್ಕೊಂಡಿದ್ದೆ. ಕೇಳಿದಾಗ ಹೇಳಿದ್ದು ಬೇರೆ: "ಬಸ್ ಹತ್ತೋದಲ್ಲ ಕಣೋ ಕಷ್ಟ, ಬಸ್ ಸ್ಟಾಪಿಗೆ ಹೋಗೋದು. ಅರ್ಧ ರಸ್ತೆ ದಾಟೋಷ್ಟರಲ್ಲಿ ಆ ಹಸಿರು ಮನುಷ್ಯ ಓಡೋಕೆ ಶುರು ಮಾಡ್ತಾನೆ. ಅವನ ಜೊತೆ ನಾನು ಓಡಕ್ಕಾಗುತ್ತಾ?"

ನಾನು ಓದಿದ್ದು ಬಿ.ಕಾಂ. ರಸ್ತೆ ವಿನ್ಯಾಸ ನನ್ನ ಸಬ್ಜೆಕ್ಟ್ ಅಲ್ಲ. ಆದ್ರೆ ಅಜ್ಜಿಯ ಮಾತಿನ ಹಿಂದೆ ಹೋದಾಗ ಗೊತ್ತಾಗಿದ್ದು, ಟ್ರಾಫಿಕ್ ಸಿಗ್ನಲ್ ಅಂದ್ರೆ ಒಂದು ಬಜೆಟ್. ಹಣದ ಬದಲು ಸೆಕೆಂಡ್, ಅಷ್ಟೇ.

ನಾಲ್ಕು ದಿಕ್ಕಿನ ಒಂದು ಜಂಕ್ಷನ್ ತಗೊಳ್ಳಿ. ಸಿಗ್ನಲ್ ಒಂದು ಸುತ್ತು ಮುಗಿಸೋಕೆ 120 ಸೆಕೆಂಡ್ ಅಂತ ಇಟ್ಕೊಳ್ಳೋಣ. ನಾಲ್ಕು ಕಡೆಗೂ ಸರದಿ ಪ್ರಕಾರ ಹಸಿರು ಬರಬೇಕು. ಪ್ರತಿ ಸಲ ಹಸಿರು ಬದಲಾದಾಗ ಮೊದಲ ಗಾಡಿ ಗೇರ್ ಹಾಕಿ ಹೊರಡೋಕೆ ಒಂದಷ್ಟು, ಹಿಂದಿನ ಕಡೆಯ ಕೊನೆಯ ಗಾಡಿ ಜಂಕ್ಷನ್ ಖಾಲಿ ಮಾಡೋಕೆ ಒಂದಷ್ಟು, ಹೀಗೆ ಸುಮಾರು 4 ಸೆಕೆಂಡ್ ಯಾರಿಗೂ ಸಿಗದೆ ಪೋಲಾಗುತ್ತೆ. ನಾಲ್ಕು ಸಲಕ್ಕೆ 16 ಸೆಕೆಂಡ್. ಉಳಿದದ್ದರಲ್ಲಿ ಬಸ್ಸು, ಕಾರು, ಬೈಕು, ಆಟೋ ಎಲ್ಲ ಪಾಲು ಕೇಳ್ತವೆ. ಪಾಲು ಕೇಳೋಕೆ ಹಾರ್ನ್ ಇಲ್ಲದವರು ನಡೆಯೋರು ಮಾತ್ರ. ಹಾಗಾಗಿ ಅವರಿಗೆ ಸಿಗೋದು ಮಿಕ್ಕಿದ್ದು.

ಅವರಿಗೆ ಎಷ್ಟು ಬೇಕು? ಸಿಗ್ನಲ್ ಲೆಕ್ಕದಲ್ಲಿ ಸಾಮಾನ್ಯವಾಗಿ ಮನುಷ್ಯನ ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್ ಅಂತ ಹಿಡೀತಾರೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿಯಲ್ಲೂ ಇದೇ ಅಂಕಿ ಇದೆ. ಜಂಕ್ಷನ್ ಬಾಯಿ 24 ಮೀಟರ್ ಅಗಲ ಇದ್ರೆ ದಾಟೋಕೆ 20 ಸೆಕೆಂಡ್. ಇದು ನಿಮ್ಮ ಹೆಜ್ಜೆ, ನನ್ನ ಹೆಜ್ಜೆ. ಅಜ್ಜಿ ನಡೆಯೋದು ಸೆಕೆಂಡಿಗೆ 0.8 ಮೀಟರ್ ಅಂತಿಟ್ಕೊಂಡ್ರೆ 30 ಸೆಕೆಂಡ್ ಬೇಕು. ಆ 10 ಸೆಕೆಂಡ್ ವ್ಯತ್ಯಾಸದಲ್ಲೇ ಅವರು ರಸ್ತೆ ಮಧ್ಯೆ ನಿಂತಿರ್ತಾರೆ.

ಇಲ್ಲಿ ಎಲ್ಲರೂ ಕೇಳೋ ಪ್ರಶ್ನೆ: ನಡೆಯೋರಿಗೆ 10 ಸೆಕೆಂಡ್ ಜಾಸ್ತಿ ಕೊಟ್ರೆ ಟ್ರಾಫಿಕ್ ಜಾಮ್ ಆಗಲ್ವಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಸೆಕೆಂಡ್ ಜಾಸ್ತಿ ಮಾಡೋದು ಒಂದೇ ದಾರಿ ಅಲ್ಲ. ದಾಟಬೇಕಾದ ರಸ್ತೆಯನ್ನೇ ಚಿಕ್ಕದು ಮಾಡಬಹುದು.

ನಮ್ಮ ಜಂಕ್ಷನ್‌ಗಳ ಮೂಲೆ ನೋಡಿ. ಹತ್ರ ಬರ್ತಾ ರಸ್ತೆ ಗಂಟೆಯ ಬಾಯಿ ಥರ ಅಗಲ ಆಗುತ್ತೆ. ಆ ಹೆಚ್ಚುವರಿ ಜಾಗದಲ್ಲಿ ಗಾಡಿ ಓಡೋದಕ್ಕಿಂತ ನಿಲ್ಲೋದೇ ಜಾಸ್ತಿ: ಎರಡು ಆಟೋ, ಒಂದು ಎಳನೀರು ಗಾಡಿ, ನಾಲ್ಕು ಡೆಲಿವರಿ ಬೈಕು. ಎರಡೂ ಕಡೆ ಫುಟ್‌ಪಾತನ್ನ ಮೂರು ಮೂರು ಮೀಟರ್ ಮುಂದಕ್ಕೆ ತಂದ್ರೆ 24 ಮೀಟರ್ 18 ಆಗುತ್ತೆ. ದಾಟೋಕೆ 20ರ ಬದಲು 15 ಸೆಕೆಂಡ್ ಸಾಕು. ಮಧ್ಯದಲ್ಲಿ ನಿಂತು ಉಸಿರು ಬಿಡೋಕೆ ಒಂದು ದ್ವೀಪ ಕಟ್ಟಿದ್ರೆ ಅಜ್ಜಿ ಒಂದು ಸಲಕ್ಕೆ ದಾಟಬೇಕಾದ್ದು ಅದರಲ್ಲೂ ಅರ್ಧ.

ಉಳಿದ 5 ಸೆಕೆಂಡ್ ಏನಾಯ್ತು? ವಾಪಸ್ ಗಾಡಿಗಳಿಗೇ ಹೋಯ್ತು. 120 ಸೆಕೆಂಡ್ ಸುತ್ತು ಅಂದ್ರೆ ಗಂಟೆಗೆ 30 ಸುತ್ತು, ಅಂದ್ರೆ ಗಂಟೆಗೆ 150 ಸೆಕೆಂಡ್ ಲಾಭ. ಹಸಿರು ಇದ್ದಾಗ ಒಂದು ಲೇನ್‌ನಲ್ಲಿ ಸುಮಾರು 2 ಸೆಕೆಂಡಿಗೊಂದು ಕಾರು ದಾಟುತ್ತೆ. ಅಲ್ಲಿಗೆ ಆ ಸೆಕೆಂಡ್‌ಗಳು ಸಿಕ್ಕ ಕಡೆಯ ಪ್ರತಿ ಲೇನ್‌ನಲ್ಲೂ ಗಂಟೆಗೆ 75 ಕಾರು ಹೆಚ್ಚು. ನಡೆಯೋರಿಗೆ ಜಾಗ ಕೊಟ್ಟಿದ್ದಕ್ಕೆ ಗಾಡಿಯವರಿಗೆ ಬಂದ ಬಡ್ಡಿ ಇದು! ಕಾಗದದ ಲೆಕ್ಕ, ಒಪ್ತೀನಿ. ನಮ್ಮಲ್ಲಿ ಯಾರೂ ಲೇನ್‌ನಲ್ಲಿ ಹೋಗಲ್ಲ. ಆದ್ರೂ ಲೆಕ್ಕದ ದಿಕ್ಕು ಬದಲಾಗಲ್ಲ.

ಮೂಲೆಯ ತಿರುವಿನದ್ದೂ ಇದೇ ಕಥೆ. ತಿರುವು ದೊಡ್ಡ ಬಳುಕಾಗಿದ್ರೆ ಬೈಕಿನವರು ಬ್ರೇಕ್ ಮುಟ್ಟದೆ ಎಡಕ್ಕೆ ತಿರುಗ್ತಾರೆ. ಬಿಗಿಯಾಗಿದ್ರೆ ನಿಧಾನ ಮಾಡಲೇಬೇಕು. 30 ಕಿ.ಮೀ. ವೇಗಕ್ಕೆ ಹೋಲಿಸಿದ್ರೆ 50 ಕಿ.ಮೀ. ವೇಗದಲ್ಲಿ ಗುದ್ದಿದಾಗ ಆ ಗಾಡಿಯಲ್ಲಿರೋ ಶಕ್ತಿ ಸುಮಾರು 2.8 ಪಟ್ಟು. ಪಿಯುಸಿ ಫಿಸಿಕ್ಸ್, ವೇಗದ ವರ್ಗ. ಜೀವ ಉಳಿಯೋದು, ಹೋಗೋದು ಆ ಅಂತರದಲ್ಲಿ.

ಬೆಂಗಳೂರಲ್ಲಿ ಇಂಥದ್ದನ್ನ ಮಾಡಿ ನೋಡಿದ್ದಾರಾ? ನೋಡಿದ್ದಾರೆ. ಸುಮಾರು ಹತ್ತು ವರ್ಷದ ಹಿಂದೆ ಟೆಂಡರ್ ಶ್ಯೂರ್ ಅನ್ನೋ ಯೋಜನೆಯಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ, ವಿಠಲ್ ಮಲ್ಯ ರಸ್ತೆಗಳನ್ನ ಅಗೆದು ಹೊಸದಾಗಿ ಕಟ್ಟಿದ್ರು. ಅಗಲ ಫುಟ್‌ಪಾತ್, ಅದರ ಕೆಳಗೆ ನೀರು, ಕರೆಂಟು, ಕೇಬಲ್‌ಗಳಿಗೆ ಬೇರೆ ಬೇರೆ ಪೈಪು. "ರಸ್ತೆ ಕಿರಿದು ಮಾಡಿದ್ರು" ಅಂತ ಗಾಡಿಯವರು ಬೈದಿದ್ದು ನಿಮಗೂ ನೆನಪಿರಬಹುದು. ಆದ್ರೆ ಅಲ್ಲಿನ ಮುಖ್ಯ ವಿಚಾರ ಲೇನ್‌ಗಳ ಅಗಲವನ್ನ ಉದ್ದಕ್ಕೂ ಒಂದೇ ಸಮ ಇಡೋದು. ರಸ್ತೆ ಒಂದು ಕಡೆ ಐದು ಲೇನ್, ಮುಂದೆ ಮೂರು ಲೇನ್ ಆದ್ರೆ ಆ ರಸ್ತೆ ನಿಜವಾಗಿ ಮೂರು ಲೇನಿನದ್ದೇ. ಮಿಕ್ಕ ಎರಡು ಬರೀ ನುಗ್ಗೋಕೆ. ಬಾಟಲಿಯ ಹೊಟ್ಟೆ ಎಷ್ಟೇ ದೊಡ್ಡದಿರಲಿ, ನೀರು ಬರೋದು ಕುತ್ತಿಗೆಯ ಅಳತೆಯಲ್ಲೇ. ಆ ರಸ್ತೆಗಳೆಲ್ಲ ಸರಿ ಇವೆ ಅಂತ ನಾನು ಹೇಳ್ತಿಲ್ಲ. ಫುಟ್‌ಪಾತ್ ಅಗಲ ಇದ್ದಲ್ಲಿ ಬೈಕೂ ಹತ್ತುತ್ತೆ. ಬೈಕ್ ತಡೆಯೋಕೆ ಕಂಬ ನೆಟ್ರೆ ವೀಲ್‌ಚೇರ್‌ಗೂ ದಾರಿ ಇಲ್ಲ.

ಜಂಕ್ಷನ್‌ನಲ್ಲಿ ಜಾಮ್ ಅಂದ ತಕ್ಷಣ ನಮ್ಮೂರಲ್ಲಿ ಮೊದಲು ಬರೋ ಉತ್ತರ ಫ್ಲೈಓವರ್. ಮತ್ತಿಕೆರೆಯಿಂದ ಸ್ವಲ್ಪವೇ ದೂರ, ಭಾಷ್ಯಂ ಸರ್ಕಲ್ ಕಡೆಯಿಂದ ಮಲ್ಲೇಶ್ವರ 18ನೇ ಕ್ರಾಸ್‌ವರೆಗೆ ಸ್ಯಾಂಕಿ ಕೆರೆ ಪಕ್ಕದಲ್ಲೇ ಮೇಲ್ಸೇತುವೆ ಕಟ್ಟೋ ಪ್ರಸ್ತಾವ ಬಂದಿತ್ತು. 1882ರಲ್ಲಿ ಕಟ್ಟಿದ ಕೆರೆ ಅದು. 2023ರಲ್ಲಿ ಮಲ್ಲೇಶ್ವರ, ಸದಾಶಿವನಗರದ ಜನ ಬೀದಿಗಿಳಿದು ವಿರೋಧಿಸಿದ್ರು. ಫ್ಲೈಓವರ್ ಮಾಡೋದು ಏನು ಅಂದ್ರೆ, ಒಂದು ಜಂಕ್ಷನ್‌ನ ಸಾಲನ್ನ ಎತ್ತಿ ಮುಂದಿನ ಜಂಕ್ಷನ್‌ನಲ್ಲಿ ಇಳಿಸುತ್ತೆ. ಹೆಬ್ಬಾಳ ಫ್ಲೈಓವರ್ ಶುರುವಾಗಿದ್ದು 2003ರಲ್ಲಿ. ಅದಕ್ಕೆ ಇವತ್ತಿಗೂ ಹೊಸ ಹೊಸ ಲೂಪ್ ಸೇರಿಸ್ತಾನೇ ಇದ್ದಾರೆ.

ನಡೆಯೋರಿಗೆ ಅಂತ ಕೊಡೋ ಉತ್ತರ ಸ್ಕೈವಾಕ್. ಕೆಳಗೆ ಬಸ್ಸು, ಲಾರಿ ಹೋಗಬೇಕಲ್ಲ, ಅದಕ್ಕೆ ಸುಮಾರು 5.5 ಮೀಟರ್ ಎತ್ತರ ಬಿಡಬೇಕು. ಒಂದು ಮೆಟ್ಟಿಲು 15 ಸೆಂಟಿಮೀಟರ್ ಅಂದ್ರೂ ಹತ್ತೋಕೆ 37, ಇಳಿಯೋಕೆ 37. ಲಿಫ್ಟ್ ಕೆಟ್ಟ ದಿನ ಅಜ್ಜಿಗೆ ಏನು ಹೇಳೋಣ? ಎಷ್ಟೋ ಸ್ಕೈವಾಕ್‌ಗಳ ಖರ್ಚು ಹುಟ್ಟೋದು ಜಾಹೀರಾತಿನಿಂದ. ಹಾಗಿದ್ದಾಗ ಜಾಗ ಆರಿಸೋವಾಗ ದಾಟೋ ಕಾಲು ಮುಖ್ಯವಾ, ನೋಡೋ ಕಣ್ಣು ಮುಖ್ಯವಾ ಅನ್ನೋ ಅನುಮಾನ ನನಗಂತೂ ಬರುತ್ತೆ.

ಈಚೆಗೆ ಇನ್ನೊಂದು ಬಂದಿದೆ, ಅಡಾಪ್ಟಿವ್ ಸಿಗ್ನಲ್. ಸಿ-ಡ್ಯಾಕ್ ತಂತ್ರಜ್ಞಾನದ ಸಿಗ್ನಲ್‌ಗಳನ್ನ ಸಂಚಾರ ಪೊಲೀಸರು ಹಲವು ಜಂಕ್ಷನ್‌ಗಳಲ್ಲಿ ಹಾಕಿದ್ದಾರೆ. ಕ್ಯಾಮೆರಾ ಗಾಡಿಗಳ ಸಾಲು ನೋಡಿ, ಯಾವ ಕಡೆ ಎಷ್ಟು ಹಸಿರು ಅಂತ ಆಗಿಂದಾಗ್ಗೆ ಬದಲಾಯಿಸುತ್ತೆ. ಖಾಲಿ ರಸ್ತೆಗೆ ಹಸಿರು ಕೊಟ್ಟು ಕೂರೋದಕ್ಕಿಂತ ಇದು ಎಷ್ಟೋ ವಾಸಿ. ಒಂದೇ ಒಂದು ಮಾತು: ಎಣಿಸಿದ್ದು ಮಾತ್ರ ಬಜೆಟ್‌ಗೆ ಬರುತ್ತೆ. ಮೂಲೆಯಲ್ಲಿ ಕಾಯ್ತಾ ನಿಂತ ಇಪ್ಪತ್ತು ಜನರನ್ನೂ ಸಾಲು ಅಂತ ಲೆಕ್ಕಕ್ಕೆ ತಗೋಬೇಕು. ತಗೊಳ್ಳದಿದ್ರೆ, ಸಿಗ್ನಲ್ ಎಷ್ಟೇ ಬುದ್ಧಿವಂತ ಆದ್ರೂ ಅವರಿಗೆ ಸಿಗೋದು ಅದೇ ಮಿಕ್ಕಿದ್ದು.

ಹಾಗಾದ್ರೆ ಕೇಳೋದು ಯಾರನ್ನ? ಸಿಗ್ನಲ್ ಟೈಮಿಂಗ್ ಸಂಚಾರ ಪೊಲೀಸರದ್ದು. ಫುಟ್‌ಪಾತ್, ಜೀಬ್ರಾ ಪಟ್ಟಿ ಪಾಲಿಕೆಯದ್ದು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಜಿಬಿಎ ಕೆಳಗೆ ಐದು ಪಾಲಿಕೆ ಆಗಿವೆ, ಹಾಗಾಗಿ ಮೊದಲು ನಿಮ್ಮ ಪಾಲಿಕೆ ಯಾವುದು ಅಂತ ನೋಡ್ಕೊಳ್ಳಿ. ಫುಟ್‌ಪಾತ್ ಮಧ್ಯೆ ಕೂತಿರೋ ಟ್ರಾನ್ಸ್‌ಫಾರ್ಮರ್ ಬೆಸ್ಕಾಂದು, ಅಗೆದ ಗುಂಡಿ ಬಹುಶಃ ಜಲಮಂಡಳಿಯದ್ದು, ತಿರುವಿನಲ್ಲೇ ನಿಲ್ಲೋ ಬಸ್ಸು ಬಿಎಂಟಿಸಿಯದ್ದು. ಒಂದು ಜಂಕ್ಷನ್‌ಗೆ ಐದು ಯಜಮಾನರು.

ಎಲ್ಲದಕ್ಕೂ ಕೋಟಿ ಬೇಕಾಗಿಲ್ಲ. 2009ರಲ್ಲಿ ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ ಮೊದಲು ಡ್ರಮ್ಮು, ಅಗ್ಗದ ಕುರ್ಚಿ ಇಟ್ಟು ಗಾಡಿ ನಿಲ್ಲಿಸಿ ನೋಡಿದ್ರು. ಕೆಲಸ ಮಾಡುತ್ತೆ ಅಂತ ಗೊತ್ತಾದ ಮೇಲೆ ಕಾಯಂ ಮಾಡಿದ್ರು. ನಮ್ಮ ಪೊಲೀಸರೂ ಯು-ಟರ್ನ್ ಮುಚ್ಚೋವಾಗ ಮೊದಲು ಕೋನ್ ಇಟ್ಟು ನೋಡ್ತಾರಲ್ಲ, ಅದೇ ಕೋನನ್ನ ಮೂಲೆಯಲ್ಲಿಟ್ಟು ಎರಡು ವಾರ ನೋಡಬಹುದು. ನಮ್ಮ ಜಂಕ್ಷನ್‌ಗೆ ನಾನು ಇದನ್ನೇ ಬರೆದು ಕೇಳ್ತಿದ್ದೀನಿ: ಎರಡು ಮೂಲೆಗೆ ಕೋನ್, ಬಸ್ ಸ್ಟಾಪ್ ತಿರುವಿನಿಂದ ಒಂದಷ್ಟು ಮುಂದಕ್ಕೆ, ಹಸಿರು ಮನುಷ್ಯನಿಗೆ 30 ಸೆಕೆಂಡ್. ಪತ್ರ ಅಜ್ಜಿಗೆ ಓದಿ ಹೇಳಿದೆ. "ಸೋಮವಾರ ಬೆಳಗ್ಗೆ ಅಂತಾನೂ ಸೇರಿಸು" ಅಂದ್ರು.

ನಿಮಗೊಂದು ಕೆಲಸ. ನಿಮ್ಮ ಏರಿಯಾದ ಜಂಕ್ಷನ್‌ನಲ್ಲಿ ಹಸಿರು ಮನುಷ್ಯ ಎಷ್ಟು ಸೆಕೆಂಡ್ ಇರ್ತಾನೆ, ಈ ಕಡೆಯಿಂದ ಆ ಕಡೆಗೆ ಎಷ್ಟು ಹೆಜ್ಜೆ, ಎರಡನ್ನೂ ಎಣಿಸಿ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಒಂದೊಂದೇ ಲೆಕ್ಕ ಹಾಕೋಣ. ರಸ್ತೆ ಮಧ್ಯೆ ನಿಂತು ಮಾತ್ರ ರೆಕಾರ್ಡ್ ಮಾಡಬೇಡಿ.