ನಿಲ್ಲದ ಭೇದಿ: ಹಸುಗೂಸುಗಳ ಆನುವಂಶಿಕ ಕರುಳು ರೋಗಗಳನ್ನು ಪತ್ತೆ ಹಚ್ಚುವ ಬಗೆ

ಹಸುಗೂಸುಗಳಿಗೆ ತಗಲುವ ಭೇದಿಗಳಲ್ಲಿ ಬಹುಪಾಲು ರೋಟಾ ವೈರಸ್ಸಿನಂಥ ಸೋಂಕಿನಿಂದ ಬರುವಂಥವು. ಅವು ಸಾಮಾನ್ಯವಾಗಿ ಒಂದು ವಾರದೊಳಗೆ ಶಮನವಾಗುತ್ತವೆ. ಎದೆಹಾಲು ಕುಡಿಯುವ ಕೂಸು ದಿನಕ್ಕೆ ಹಲವು ಸಲ ಮೆತ್ತಗೆ ಮಲ ವಿಸರ್ಜಿಸಿದರೂ ತೂಕ ಏರುತ್ತಿದ್ದರೆ ಅದು ಕಾಯಿಲೆಯೇ ಅಲ್ಲ. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದಿದೆ: ಹುಟ್ಟಿದ ಕೆಲವೇ ದಿನಗಳಲ್ಲಿ ತೊಡಗಿ, ವಾರಗಟ್ಟಲೆ ಮುಂದುವರಿದು, ಶಿಶುವಿನ ದೇಹದ ನೀರು, ಲವಣ ಮತ್ತು ತೂಕವನ್ನು ಕರಗಿಸುತ್ತ ಹೋಗುವ ಭೇದಿ. ಕರುಳಿನ ಒಳಪದರದ ಜೀವಕೋಶಗಳು ಹೇಗೆ ರೂಪುಗೊಳ್ಳಬೇಕು, ಸಕ್ಕರೆಯನ್ನೂ ಉಪ್ಪನ್ನೂ ಹೇಗೆ ಹೀರಬೇಕು ಎಂಬುದನ್ನು ನಿರ್ದೇಶಿಸುವ ಯಾವುದೋ ಒಂದು ವಂಶವಾಹಿಯಲ್ಲಿ ಹುಟ್ಟಿನಿಂದಲೇ ದೋಷವಿದ್ದಾಗ ಬರುವ ಈ ಕಾಯಿಲೆಗಳು ಅಪರೂಪವಾದರೂ, ಕೆಲವಕ್ಕೆ ಸರಳವಾದ ಚಿಕಿತ್ಸೆಯಿರುವುದರಿಂದ ಅವುಗಳ ಪತ್ತೆಗೆ ಬಹಳ ಮಹತ್ವವಿದೆ.

ಇವುಗಳಲ್ಲಿ ಹೆಚ್ಚಿನವು ಅಪ್ರಬಲ ಆನುವಂಶಿಕತೆಯ ರೋಗಗಳು. ಎಂದರೆ ತಂದೆ ಮತ್ತು ತಾಯಿ ಇಬ್ಬರಿಂದಲೂ ಆ ವಂಶವಾಹಿಯ ದೋಷವುಳ್ಳ ಪ್ರತಿ ಬಂದಾಗ ಮಾತ್ರ ಮಗುವಿನಲ್ಲಿ ರೋಗ ಪ್ರಕಟವಾಗುತ್ತದೆ. ಒಂದೊಂದೇ ದೋಷಪ್ರತಿಯನ್ನು ಹೊತ್ತ ತಂದೆತಾಯಿಗಳು ಪೂರ್ಣ ಆರೋಗ್ಯವಂತರಾಗಿರುತ್ತಾರೆ, ಆದರೆ ಅವರ ಪ್ರತಿಯೊಂದು ಮಗುವಿಗೂ ರೋಗ ಬರುವ ಸಾಧ್ಯತೆ ಶೇ. 25ರಷ್ಟಿರುತ್ತದೆ. ಸೋದರಮಾವ ಅಕ್ಕನ ಮಗಳನ್ನು, ಅಥವಾ ಸೋದರತ್ತೆಯ ಮಗ ಮಾವನ ಮಗಳನ್ನು ಮದುವೆಯಾಗುವ ರೂಢಿಯಿರುವ ಕಡೆ ಈ ಲೆಕ್ಕಕ್ಕೆ ವಿಶೇಷ ಅರ್ಥ ಬರುತ್ತದೆ. ಏಕೆಂದರೆ ಸೋದರಮಾವ ಮತ್ತು ಸೋದರಸೊಸೆಯ ನಡುವೆ ವಂಶವಾಹಿಗಳ ಸುಮಾರು ನಾಲ್ಕನೆಯ ಒಂದು ಭಾಗ, ಅತ್ತೆ–ಮಾವನ ಮಕ್ಕಳ ನಡುವೆ ಎಂಟನೆಯ ಒಂದು ಭಾಗ ಒಂದೇ ಹಿರಿಯರಿಂದ ಬಂದದ್ದಾಗಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ರಕ್ತಸಂಬಂಧಿಗಳ ನಡುವಿನವು. ಇಂಥ ಮದುವೆಗಳಿಗೂ ಆನುವಂಶಿಕ ರೋಗಗಳಿಗೂ ಇರುವ ನಂಟನ್ನು ಎ. ಎಚ್. ಬಿಟಲ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಅವರು 1980ರ ದಶಕದಲ್ಲಿಯೇ ಕರ್ನಾಟಕದ ನವಜಾತ ಶಿಶುಗಳ ತಪಾಸಣೆಯ ಮೂಲಕ ಅಧ್ಯಯನ ಮಾಡಿದ್ದರು. ಸೋದರಿಕೆಯ ಮದುವೆಯಾದವರಲ್ಲಿ ಬಹುಮಂದಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆಂಬುದು ನಿಜವಾದರೂ, ನಿಲ್ಲದ ಭೇದಿಯ ಕೂಸನ್ನು ಕಂಡ ವೈದ್ಯರು ತಂದೆತಾಯಿಗಳ ನಡುವಣ ಸಂಬಂಧವನ್ನು ಕೇಳುವುದು ಈ ಕಾರಣಕ್ಕಾಗಿಯೇ.

ಗದಗ ಜಿಲ್ಲೆಯ ರೋಣ ಸೀಮೆಯ ಜಕ್ಕಲಿಯಂಥ ಊರಿನಲ್ಲಿ ಪತ್ತೆಯ ಮೊದಲ ಹೆಜ್ಜೆ ದೊಡ್ಡ ಆಸ್ಪತ್ರೆಗಿಂತ ಮುಂಚೆ ಬಾಣಂತಿಯ ಮನೆಯಲ್ಲಿಯೇ ಬೀಳಬಲ್ಲದು. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ಕೊಟ್ಟು ಕೂಸಿನ ತೂಕ ನೋಡಬೇಕೆಂಬುದು ನಿಯಮ. ಮೊದಲ ಕೆಲವು ದಿನ ತುಸು ಇಳಿಯುವ ತೂಕ ಎರಡು ವಾರದೊಳಗೆ ಹುಟ್ಟಿದಾಗಿನ ಮಟ್ಟಕ್ಕೆ ಮರಳಬೇಕು. ಮರಳದಿದ್ದರೆ ಕಾರಣ ಹುಡುಕಬೇಕು. ಈ ರೋಗಗಳಲ್ಲಿ ಮಲ ಎಷ್ಟು ನೀರಾಗಿರುತ್ತದೆಂದರೆ, ಒದ್ದೆಯಾದ ಬಟ್ಟೆಯನ್ನು ಕಂಡವರು ಕೂಸು ಚೆನ್ನಾಗಿ ಮೂತ್ರ ಮಾಡುತ್ತಿದೆಯೆಂದೇ ತಿಳಿಯುತ್ತಾರೆ, ಅಷ್ಟರಲ್ಲಿ ಕೂಸು ಬತ್ತಿರುತ್ತದೆ. ಆದ್ದರಿಂದ ಆಸ್ಪತ್ರೆಯಲ್ಲಿ ಮೂತ್ರವನ್ನು ಚೀಲಕ್ಕೆ ಹಿಡಿದು, ಮಲವನ್ನು ಬೇರೆಯಾಗಿ ತೂಗಿ ನೋಡುವುದುಂಟು.

ವೈದ್ಯರು ಕೇಳುವ ಮೊದಲ ಪ್ರಶ್ನೆ ಭೇದಿ ಯಾವಾಗ ಆರಂಭವಾಯಿತೆಂಬುದು. ಗರ್ಭದಲ್ಲಿರುವಾಗಲೇ ಸ್ಕ್ಯಾನಿಂಗಿನಲ್ಲಿ ಗರ್ಭಜಲ ಅತಿಯಾಗಿ, ಶಿಶುವಿನ ಕರುಳು ಉಬ್ಬಿರುವುದು ಕಂಡಿದ್ದರೆ, ಅಥವಾ ಹುಟ್ಟಿದ ಮೇಲೆ ಎಲ್ಲ ಶಿಶುಗಳೂ ವಿಸರ್ಜಿಸುವ ಕಪ್ಪು ಮಲ ಕಾಣಿಸದೆ ನೀರೇ ಹೋಗಿದ್ದರೆ ದೋಷ ಹುಟ್ಟಿಗೆ ಮೊದಲೇ ಇತ್ತೆಂದು ತಿಳಿಯಬಹುದು. ಮೊದಲ ಹಾಲಿನೊಂದಿಗೆ ತೊಡಗಿದ ಭೇದಿ ಹಾಲಿನ ಸಕ್ಕರೆಯತ್ತ, ಮೇಲು ಆಹಾರ ಶುರುವಾದ ಮೇಲೆ ತೊಡಗಿದ್ದು ಸಾಮಾನ್ಯ ಸಕ್ಕರೆಯನ್ನು ಒಡೆಯುವ ಕಿಣ್ವದ ಕೊರತೆಯತ್ತ ಬೆರಳು ತೋರಿಸುತ್ತದೆ. ಎರಡನೆಯ ಪ್ರಶ್ನೆ, ಬಾಯಿಯ ಮೂಲಕ ಕೊಡುವ ಆಹಾರ ನಿಲ್ಲಿಸಿದರೆ ಭೇದಿ ನಿಲ್ಲುತ್ತದೆಯೇ ಎಂಬುದು. ರಕ್ತನಾಳದ ಮೂಲಕ ದ್ರವ ಕೊಡುತ್ತ, ಆಸ್ಪತ್ರೆಯಲ್ಲಿ ಮಾತ್ರ ಮಾಡಬೇಕಾದ ಈ ಪರೀಕ್ಷೆಯಲ್ಲಿ ಭೇದಿ ನಿಂತರೆ, ಹೀರಲಾಗದೆ ಉಳಿದ ಆಹಾರವೇ ಕರುಳಿಗೆ ನೀರನ್ನು ಎಳೆಯುತ್ತಿದೆಯೆಂದೂ, ನಿಲ್ಲದಿದ್ದರೆ ಕರುಳೇ ಲವಣ ಮತ್ತು ನೀರನ್ನು ಸುರಿಸುತ್ತಿದೆಯೆಂದೂ ಅರ್ಥ. ಮಲದಲ್ಲಿರುವ ಸೋಡಿಯಂ ಮತ್ತು ಪೊಟ್ಯಾಸಿಯಂ ಪ್ರಮಾಣಗಳನ್ನು ಕೂಡಿಸಿ, ಎರಡರಿಂದ ಗುಣಿಸಿ, 290ರಿಂದ ಕಳೆದಾಗ ಉಳಿಯುವ ಸಂಖ್ಯೆ 100ನ್ನು ಮೀರಿದರೆ ಮೊದಲ ಬಗೆಯೆಂದೂ 50ಕ್ಕಿಂತ ಕಡಿಮೆಯಾದರೆ ಎರಡನೆಯ ಬಗೆಯೆಂದೂ ನಿರ್ಧರಿಸುತ್ತಾರೆ.

ರೋಗದ ಹೆಸರು ಗೊತ್ತಾಗುವುದರಿಂದ ಆಗುವ ಪ್ರಯೋಜನವನ್ನು ಎರಡು ರೋಗಗಳು ಸ್ಪಷ್ಟವಾಗಿ ತೋರಿಸುತ್ತವೆ. ಒಂದು, 1962ರಲ್ಲಿ ಮೊದಲು ವರ್ಣಿಸಲಾದ ಗ್ಲೂಕೋಸ್–ಗ್ಯಾಲಕ್ಟೋಸ್ ಹೀರಿಕೆಯ ದೋಷ. ಕರುಳಿನ ಜೀವಕೋಶದ ಹೊರಮೈಯಲ್ಲಿ ಗ್ಲೂಕೋಸನ್ನೂ ಸೋಡಿಯಂ ಅನ್ನೂ ಒಟ್ಟಿಗೆ ಒಳಗೆ ಸಾಗಿಸುವ ಒಂದು ಪ್ರೋಟೀನಿದ್ದು, ಅವುಗಳ ಹಿಂದೆಯೇ ನೀರೂ ಹೋಗುವುದರಿಂದ, ಉಪ್ಪು ಮತ್ತು ಗ್ಲೂಕೋಸ್ ಬೆರೆತ ದ್ರಾವಣವಾದ ಓಆರ್‌ಎಸ್ ಕೋಟ್ಯಂತರ ಮಕ್ಕಳ ಜೀವ ಉಳಿಸಿದೆ. ಆದರೆ ಆ ಪ್ರೋಟೀನೇ ಕೆಲಸ ಮಾಡದ ಕೂಸಿಗೆ ಎದೆಹಾಲು, ಸಕ್ಕರೆ ನೀರು ಮತ್ತು ಓಆರ್‌ಎಸ್ ಮೂರೂ ಭೇದಿಯನ್ನು ಹೆಚ್ಚಿಸುತ್ತವೆ. ಗ್ಲೂಕೋಸ್, ಗ್ಯಾಲಕ್ಟೋಸ್‌ಗಳಿಲ್ಲದ, ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್ ಬೆರೆಸಿದ ವಿಶೇಷ ಆಹಾರ ಕೊಟ್ಟರೆ ಅದೇ ಕೂಸು ಚೇತರಿಸಿಕೊಳ್ಳುತ್ತದೆ. ಇದು ತೀರ ವಿರಳವಾದ ಅಪವಾದವಾದ್ದರಿಂದ, ಭೇದಿಯಾದ ಮಗುವಿಗೆ ಓಆರ್‌ಎಸ್ ಮತ್ತು ಎದೆಹಾಲು ಕೊಡಬೇಕೆಂಬ ನಿಯಮವನ್ನು ಮನೆಯವರು ತಾವಾಗಿ ಮುರಿಯುವಂತಿಲ್ಲ.

ಇನ್ನೊಂದು, 1945ರಲ್ಲಿ ವರದಿಯಾದ ಜನ್ಮಜಾತ ಕ್ಲೋರೈಡ್ ಭೇದಿ. ಸಾಧಾರಣ ಭೇದಿಯಲ್ಲಿ ಕ್ಷಾರ ನಷ್ಟವಾಗಿ ರಕ್ತ ಆಮ್ಲೀಯತೆಯ ಕಡೆಗೆ ವಾಲಿದರೆ, ಇಲ್ಲಿ ಕ್ಲೋರೈಡ್ ಹೀರುವ ಪ್ರೋಟೀನು ಕೆಟ್ಟಿರುವುದರಿಂದ ರಕ್ತ ಕ್ಷಾರೀಯವಾಗುತ್ತದೆ. ಈ ತಿರುವುಮುರುವು ಫಲಿತಾಂಶವೇ ಮೊದಲ ಸುಳಿವು. ಮಲದ ಒಂದು ಲೀಟರಿನಲ್ಲಿ ಕ್ಲೋರೈಡ್ 90 ಮಿಲಿಮೋಲ್ ಮೀರಿದ್ದರೆ ರೋಗ ಬಹುಮಟ್ಟಿಗೆ ಖಚಿತ. ಫಿನ್ಲೆಂಡಿನಲ್ಲಿ ಸುಮಾರು 30,000ದಿಂದ 40,000 ಜನನಗಳಿಗೆ ಒಂದರಂತೆ, ರಕ್ತಸಂಬಂಧದ ಮದುವೆ ಹೆಚ್ಚಿರುವ ಕುವೈತಿನಲ್ಲಿ ಸುಮಾರು 3,200ಕ್ಕೆ ಒಂದರಂತೆ ಕಾಣಿಸುವ ಈ ರೋಗಕ್ಕೆ ಚಿಕಿತ್ಸೆಯೆಂದರೆ ಸೋಡಿಯಂ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್‌ಗಳನ್ನು ಲೆಕ್ಕಹಾಕಿ ಜೀವನಪೂರ್ತಿ ಕೊಡುವುದು. ಭೇದಿ ಪೂರ್ತಿ ನಿಲ್ಲದಿದ್ದರೂ, ಬೇಗ ಪತ್ತೆಯಾದ ಮಕ್ಕಳು ಸಹಜವಾಗಿ ಬೆಳೆಯುತ್ತಾರೆ.

ಇನ್ನು ಕೆಲವು ರೋಗಗಳ ಗುರುತು ಕರುಳಿನ ಹೊರಗಿರುತ್ತದೆ: ಸತುವನ್ನು ಹೀರಲಾಗದ ಕೂಸಿಗೆ ಭೇದಿಯೊಂದಿಗೆ ಬಾಯಿ ಮತ್ತು ಗುದದ ಸುತ್ತ ಹುಣ್ಣಿನಂಥ ಚರ್ಮರೋಗವೂ ಕೂದಲು ಉದುರುವಿಕೆಯೂ ಕಾಣಿಸುತ್ತವೆ, ಮತ್ತು ಸತುವಿನ ಔಷಧಿ ಕೊಟ್ಟ ಕೆಲವೇ ದಿನಗಳಲ್ಲಿ ಅವು ಮಾಯತೊಡಗುತ್ತವೆ. ಎಲ್ಲವೂ ಇಷ್ಟು ಸುಲಭವಲ್ಲ. ಜೀವಕೋಶದ ಹೊರಮೈಯಲ್ಲಿ ಇರಬೇಕಾದ ಸೂಕ್ಷ್ಮ ಎಸಳುಗಳು ಕೋಶದೊಳಗೇ ಹುದುಗಿ ಉಳಿಯುವ ಸೂಕ್ಷ್ಮವಿಲ್ಲೈ ರೋಗದಲ್ಲಿ ಕರುಳಿನ ಚೂರನ್ನು ಎಂಡೋಸ್ಕೋಪಿಯಿಂದ ತೆಗೆದು, ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಅಂಥ ಶಿಶುಗಳಿಗೆ ರಕ್ತನಾಳದ ಮೂಲಕವೇ ದೀರ್ಘಕಾಲ ಪೋಷಣೆ ಕೊಡಬೇಕು, ಕೆಲವರಿಗೆ ಕರುಳಿನ ಕಸಿಯೂ ಬೇಕಾಗುತ್ತದೆ. ಈ ರೋಗಕ್ಕೆ ಕಾರಣವಾದ ಮುಖ್ಯ ವಂಶವಾಹಿ ತಿಳಿದದ್ದು 2008ರಲ್ಲಿ. ಇಂದು ಪ್ರೋಟೀನುಗಳನ್ನು ರೂಪಿಸುವ ಎಲ್ಲ ವಂಶವಾಹಿಗಳನ್ನೂ ಒಟ್ಟಿಗೆ ಓದುವ ಎಕ್ಸೋಮ್ ಪರೀಕ್ಷೆಗೆ ಮಗುವಿನ ಮತ್ತು ತಂದೆತಾಯಿಗಳ ರಕ್ತದ ಮಾದರಿ ಸಾಕು. ಅದನ್ನು ಊರಿನಿಂದ ನಗರದ ಪ್ರಯೋಗಾಲಯಕ್ಕೆ ಕಳಿಸಬಹುದು.

ರೋಣ ಸೀಮೆಯ ಕುಟುಂಬಕ್ಕೆ ಈ ದಾರಿ ತಾಲೂಕು ಆಸ್ಪತ್ರೆಯಿಂದ ಗದಗದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ಅಲ್ಲಿಂದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ‌ಗೆ, ಕೊನೆಗೆ ಬೆಂಗಳೂರಿಗೆ ಸಾಗುತ್ತದೆ. 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಯಡಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯನ್ನು ಜೊತೆಯಾಗಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಲಾಗಿದ್ದು, ನೀತಿಯ ಪಟ್ಟಿಯಲ್ಲಿರುವ ರೋಗಗಳಿಗೆ 50 ಲಕ್ಷ ರೂಪಾಯಿಯವರೆಗೆ ನೆರವು ದೊರೆಯುತ್ತದೆ.

ಆದರೆ ಈ ಎಲ್ಲ ಯಂತ್ರಗಳಿಗಿಂತ ಮೊದಲು ಬೇಕಾದ ಮಾಹಿತಿ ಮನೆಯವರ ಬಳಿಯೇ ಇರುತ್ತದೆ. ಎರಡು ವಾರ ದಾಟಿದರೂ ಭೇದಿ ನಿಲ್ಲದ, ತೂಕ ಏರದ ಕೂಸನ್ನು ಆಸ್ಪತ್ರೆಗೆ ಒಯ್ಯುವವರು ತಾಯಿ ಕಾರ್ಡನ್ನೂ ಗರ್ಭಿಣಿಯಾಗಿದ್ದಾಗಿನ ಸ್ಕ್ಯಾನಿಂಗ್ ವರದಿಯನ್ನೂ ಜೊತೆಗೆ ಒಯ್ಯಬೇಕು. ಮದುವೆ ಸೋದರಿಕೆಯದಾಗಿದ್ದರೆ ಮತ್ತು ಮನೆತನದಲ್ಲಿ ಹಿಂದೆ ಹಸುಗೂಸುಗಳು ಭೇದಿಯಿಂದ ತೀರಿಕೊಂಡಿದ್ದರೆ ಅದನ್ನು ಸಂಕೋಚವಿಲ್ಲದೆ ಹೇಳಬೇಕು. ದೋಷ ತಾಯಿಯದೂ ಅಲ್ಲ, ತಂದೆಯದೂ ಅಲ್ಲ. ಇಬ್ಬರಿಗೂ ಅರಿವಿಲ್ಲದೆ ತಲೆಮಾರುಗಳಿಂದ ಹರಿದು ಬಂದದ್ದು. ಮಗುವನ್ನು ಕಳೆದುಕೊಂಡ ಕುಟುಂಬವೂ ಮುಂದಿನ ಗರ್ಭಕ್ಕೆ ಮೊದಲು ತಳಿ ಸಲಹೆ ಪಡೆದು ವಂಶವಾಹಿಯ ಹೆಸರನ್ನು ತಿಳಿದಿಟ್ಟುಕೊಂಡರೆ, ಮುಂದೆ ಹುಟ್ಟುವ ಕೂಸಿಗೆ ಅದು ಮೊದಲ ದಿನದಿಂದಲೇ ಚಿಕಿತ್ಸೆಯ ದಾರಿ ತೆರೆಯುತ್ತದೆ.