ಕಂಪ್ಯೂಟರಿನಲ್ಲಿ ಒಂದು ಹೆಜ್ಜೆ ಹಿಂದಕ್ಕೆ

ರವಿವಾರ ಬೆಳಿಗ್ಗೆ ಹತ್ತು ಗಂಟೆಯೆಂದರೆ ಮುಂಬಯಿಯ ನಮ್ಮ ಮನೆಯಲ್ಲಿ ಧಾರವಾಡದ ವೇಳೆ. ಮೇಜಿನ ಮೇಲಿನ ಕಂಪ್ಯೂಟರಿನ ಎದುರು ನಾವು ಐವರೂ ಸೇರುತ್ತೇವೆ. ಅತ್ತಕಡೆಯಿಂದ ನಮ್ಮ ತಾಯಿಯವರು ಪರದೆಯ ಮೇಲೆ ಬರುತ್ತಾರೆ. ಕಳೆದ ಮಳೆಗಾಲದ ಒಂದು ರವಿವಾರ ಅವರ ಮುಖ ಕಂಡಿತು, ತುಟಿಗಳು ಆಡಿದವು, ಮಾತು ಮಾತ್ರ ಕೇಳಿಸಲಿಲ್ಲ. ನಮ್ಮದೂ ಅವರಿಗೆ ಕೇಳಿಸದೆ ಕಿವಿಗೆ ಕೈಹಚ್ಚಿ ತಲೆಯಾಡಿಸಿದರು. ಮೊಬೈಲಿನಲ್ಲಿ ಕರೆ ಮಾಡಿ ಮಾತನಾಡಿದೆವು, ನಿಜ. ಆದರೆ ಅಷ್ಟು ಚಿಕ್ಕ ಪರದೆಯೆದುರು ಐದು ಜನ ಮುಖ ತೋರಿಸುವುದು ಹೇಗೆ?

ತಪ್ಪು ನನ್ನದೇ ಎನ್ನಬೇಕು. ಹಿಂದಿನ ರಾತ್ರಿ, ನಾಳೆ ಏನಿದೆಯೆಂದು ಯೋಚಿಸದೆ ಅಪ್‌ಡೇಟ್ ಮಾಡಿದ್ದೆ. ಹೊಸದಾಗಿ ಬಂದ ಧ್ವನಿಯ ಪ್ಯಾಕೇಜಿಗೂ ನಮ್ಮ ಹಳೆಯ ಯಂತ್ರಕ್ಕೂ ಹೊಂದಿಕೆಯಾಗಲಿಲ್ಲ. ಹಾಗಾದರೆ ಹಳೆಯದನ್ನೇ ಮರಳಿ ಹಾಕಿದರಾಯಿತು ಎಂದು ಆತುರದಿಂದ ಆಜ್ಞೆ ಕೊಟ್ಟೆ. ಕಂಪ್ಯೂಟರು ಒಂದು ಉದ್ದನೆಯ ಪಟ್ಟಿಯನ್ನು ತೋರಿಸಿ, ಇವನ್ನೆಲ್ಲ ತೆಗೆದುಹಾಕಲೇ ಎಂದು ಕೇಳಿತು. ನಾನು ‘ಹೌದು’ ಎನ್ನುವವನಿದ್ದೆ.

“ಅಪ್ಪಾ, ಒತ್ತಬ್ಯಾಡ್ರಿ! ಮೊದಲ ಆ ಪಟ್ಟಿ ಓದ್ರಿ,” ಎಂದಳು ಮಗಳು.

ಓದಿದರೆ, ಅದರಲ್ಲಿ ಪರದೆಯನ್ನು ನಡೆಸುವ ಪ್ಯಾಕೇಜುಗಳೇ ಸೇರಿದ್ದವು. ಒತ್ತಿದ್ದರೆ ಧ್ವನಿಯ ಜೊತೆಗೆ ಚಿತ್ರವೂ ಹೋಗುತ್ತಿತ್ತು!

ನಮ್ಮ ಕಂಪ್ಯೂಟರಿನಲ್ಲಿರುವುದು ೧೯೯೩ರಲ್ಲಿ ಆರಂಭವಾದ ಡೆಬಿಯನ್. ಅದರ ಪ್ರತಿಯೊಂದು ಪ್ಯಾಕೇಜಿಗೂ ಒಂದು ಆವೃತ್ತಿಯ ಸಂಖ್ಯೆ ಇರುತ್ತದೆ. ತನಗೆ ಯಾವ ಯಾವ ಜೊತೆಗಾರರು ಬೇಕೆಂಬ ಪಟ್ಟಿಯೂ ಇರುತ್ತದೆ. ಒಬ್ಬನನ್ನೇ ಹಿಂದಕ್ಕೆ ಎಳೆದರೆ ಅವನನ್ನು ನಂಬಿದವರು ಉರುಳುತ್ತಾರೆ. ಅಲ್ಲದೆ, ಪ್ಯಾಕೇಜು ಕಟ್ಟುವವರು ಮುಂದಕ್ಕೆ ಹೋಗುವ ದಾರಿಯನ್ನು ಪರೀಕ್ಷಿಸಿರುತ್ತಾರೆಯೇ ಹೊರತು ಹಿಂದಕ್ಕೆ ಬರುವ ದಾರಿಯನ್ನಲ್ಲ.

ಹಾಗೆಂದು ಹಿಂದೆ ಸರಿಯುವುದು ಅವಮಾನವೇನೂ ಅಲ್ಲ. ೨೦೨೪ರ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರು ದೂರದ ಯಂತ್ರಕ್ಕೆ ಪ್ರವೇಶ ಪಡೆಯಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಬೆನ್ನುಹತ್ತಿ ನೋಡಲಾಗಿ, ಎಕ್ಸ್‌ಝಡ್ ಎಂಬ ಪ್ಯಾಕೇಜಿನ ೫.೬.೦ ಮತ್ತು ೫.೬.೧ ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇರಿಸಿದ್ದರು! ಡೆಬಿಯನ್ನಿನವರು ಕೂಡಲೇ ಹಳೆಯ ೫.೪.೫ಕ್ಕೆ ಮರಳಿದರು. ಆದರೆ ಯಂತ್ರಗಳು ತಾವಾಗಿ ದೊಡ್ಡ ಸಂಖ್ಯೆಯನ್ನೇ ಆರಿಸುತ್ತವೆಯಲ್ಲ! ಆದ್ದರಿಂದ ಅದಕ್ಕೆ “೫.೬.೧, ನಿಜವಾಗಿ ೫.೪.೫” ಎಂಬ ಅರ್ಥದ ಚೀಟಿ ಅಂಟಿಸಿ ಕಳಿಸಿದರು. ಬಲ್ಲವರೂ ಹಿಂದಡಿ ಇಡುತ್ತಾರೆ; ನೋಡಿಕೊಂಡು ಇಡುತ್ತಾರೆ, ಅಷ್ಟೇ.

ಮಗಳು ಅನುಸರಿಸಿದ ಕ್ರಮವನ್ನು ಇಲ್ಲಿ ಬರೆಯುತ್ತೇನೆ. ಮೊದಲು ಮನೆಯ ಫೋಟೋ, ಕಾಗದಪತ್ರಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಹಾಕಿದಳು. ‘ಟೈಮ್‌ಶಿಫ್ಟ್’ನಿಂದ ವ್ಯವಸ್ಥೆಯ ಅಂದಿನ ಸ್ಥಿತಿಯನ್ನೂ ತೆಗೆದಿಟ್ಟಳು. ಅನಂತರ ‘ಆಪ್ಟ್’ನ ‘ಹಿಸ್ಟರಿ’ ಕಡತ ತೆರೆದಳು. ಯಾವ ದಿನ ಯಾವ ಪ್ಯಾಕೇಜು ಯಾವ ಸಂಖ್ಯೆಯಿಂದ ಯಾವುದಕ್ಕೆ ಏರಿತೆಂಬುದು ಅದರಲ್ಲಿ ಇರುತ್ತದೆ. ಈಗ ಯಾವ ಆವೃತ್ತಿಗಳು ದೊರೆಯುತ್ತವೆಂಬುದನ್ನು ‘ಆಪ್ಟ್ ಪಾಲಿಸಿ’ ತಿಳಿಸುತ್ತದೆ. ನಮಗೆ ಬೇಕಾದದ್ದು ಅಲ್ಲಿರಲಿಲ್ಲ. ಡೆಬಿಯನ್ನಿನವರದೇ ಆದ ‘ಸ್ನ್ಯಾಪ್‌ಶಾಟ್’ ಭಂಡಾರದಲ್ಲಿತ್ತು. ಹಳೆಯ ಪ್ಯಾಕೇಜನ್ನು ಕಂಡ ಕಂಡ ತಾಣಗಳಿಂದ ಇಳಿಸಿಕೊಳ್ಳಬಾರದು.

ನಾನು ಎಡವಿದ್ದು ಒಂದೇ ಪ್ಯಾಕೇಜಿನ ಹೆಸರು ಹೇಳಿದ್ದರಲ್ಲಿ. ಆಕೆ ಒಂದೇ ಮೂಲದಿಂದ ಬಂದ ಸೋದರ ಪ್ಯಾಕೇಜುಗಳನ್ನೆಲ್ಲ ಒಂದೇ ಸಂಖ್ಯೆಗೆ, ಒಂದೇ ಸಲಕ್ಕೆ ಕೊಟ್ಟಳು. ಅದೂ ಮೊದಲು ತಾಲೀಮು: ಆಜ್ಞೆಯೊಡನೆ ‘ಸಿಮ್ಯುಲೇಟ್’ ಸೇರಿಸಿದರೆ ಏನೇನಾಗುವುದೆಂದು ಹೇಳುತ್ತದೆ, ಏನನ್ನೂ ಮಾಡುವುದಿಲ್ಲ. ತೆಗೆದುಹಾಕುವ ಪಟ್ಟಿ ಬರಿದಾಗಿತ್ತು. ಆಗ ನಿಜವಾದ ಆಜ್ಞೆ ಕೊಟ್ಟಳು.

ಕೆಲವನ್ನು ಮುಟ್ಟಬಾರದು. ‘ಲಿಬ್‌ಸಿ’ಯ ಮೇಲೆ ಹೆಚ್ಚುಕಡಿಮೆ ಎಲ್ಲವೂ ನಿಂತಿವೆ, ಅದನ್ನು ಇಳಿಸಹೋದರೆ ಮನೆಯ ಬುನಾದಿ ಕಿತ್ತಂತೆ. ತೊಂದರೆ ಹೊಸ ಕರ್ನೆಲಿನದಾದರೆ ಏನನ್ನೂ ಇಳಿಸಬೇಕಾಗಿಲ್ಲ. ಹಳೆಯ ಕರ್ನೆಲು ಸಾಮಾನ್ಯವಾಗಿ ಉಳಿದಿರುತ್ತದೆ, ಯಂತ್ರ ಏಳುವಾಗ ಬರುವ ಪಟ್ಟಿಯಿಂದ ಅದನ್ನು ಆರಿಸಿದರೆ ಸಾಕು. ಇನ್ನು, ಹೊಸ ಆವೃತ್ತಿ ತನ್ನ ರೀತಿಯಲ್ಲಿ ಬರೆದಿಟ್ಟದ್ದನ್ನು ಹಳೆಯದು ಓದಲಾರದೆ ಹೋಗಬಹುದು. ಫೈರ್‌ಫಾಕ್ಸ್ ೨೦೧೯ರ ೬೭ನೆಯ ಆವೃತ್ತಿಯಿಂದೀಚೆಗೆ, ಹೊಸದು ಬಳಸಿದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯಹೋದರೆ ತಡೆಯುತ್ತದೆ.

ಮುಂದಿನ ರವಿವಾರ ತಾಯಿಯವರು ಬಂದರು. “ಈಗರ ಕೇಳಸ್ತದೇನೋ?” ಎಂದರು. ಕೇಳಿಸಿತು. ಎರಡು ವಾರದ ಸುದ್ದಿಗೆ ಒಂದು ತಾಸು ಸಾಲಲಿಲ್ಲ.

ಇನ್ನೊಂದು ಮಾತು ಉಳಿಯಿತು. ಮುಂದಿನ ಅಪ್‌ಡೇಟಿನಲ್ಲಿ ಅದೇ ಪ್ಯಾಕೇಜು ಮತ್ತೆ ಏರಬಾರದೆಂದು ‘ಆಪ್ಟ್-ಮಾರ್ಕ್ ಹೋಲ್ಡ್’ ಆಜ್ಞೆಯಿಂದ ಅದನ್ನು ತಡೆಹಿಡಿದಿದ್ದೆವು. ಆದರೆ ತಡೆದದ್ದನ್ನು ಮರೆತರೆ ಸುರಕ್ಷತೆಯ ತಿದ್ದುಪಡಿಗಳೂ ಅದಕ್ಕೆ ಬಾರವು. ಆದಕಾರಣ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಪ್ಯಾಕೇಜಿನ ಹೆಸರು ಮತ್ತು ತಾರೀಖು ಬರೆದೆವು. ಎರಡು ತಿಂಗಳಿಗೆ ಸರಿಪಡಿಸಿದ ಆವೃತ್ತಿ ಬಂತು. ‘ಅನ್‌ಹೋಲ್ಡ್’ ಮಾಡಿ ಅದನ್ನು ಹಾಕಿಕೊಂಡು, ಕ್ಯಾಲೆಂಡರಿನ ಬರಹವನ್ನು ಹೊಡೆದುಹಾಕಿದೆ. ಅದನ್ನು ಮಾಡಿದ್ದು ಸೋಮವಾರ. ಶನಿವಾರ ರಾತ್ರಿ ಅಪ್‌ಡೇಟ್ ಮಾಡುವ ಅಭ್ಯಾಸವನ್ನು ನಾನು ಬಿಟ್ಟಿದ್ದೇನೆ.